ಚರಿತ್ರೆಯ ಪಾಠ ಮತ್ತು ಅರ್ಜಿ ಕೊಟ್ಟ ಹುಡುಗ

ದಲಿತ ವಿಮರ್ಶೆ ಅಂದರೆ ಈತನಕ ನಾವು ಕತೆ, ಕವಿತೆ, ಆತ್ಮಕಥನಗಳ ಸುತ್ತಲೇ ಸುತ್ತಿದ್ದೇವೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಕೇರಿಯ ಮಕ್ಕಳ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಗದ್ಯ ಯಾವುದು ಅಂತ ಒಂದು ಗಳಿಗೆ ಯೋಚನೆ ಮಾಡಿ. ದೇವನೂರರ ಕತೆಯೂ ಅಲ್ಲ, ಸಿದ್ಧಲಿಂಗಯ್ಯನವರ 'ಊರುಕೇರಿ'ಯೂ ಅಲ್ಲ. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ, ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ತೂಕಡಿಸುತ್ತಾ ಕೇಳಿಸಿಕೊಳ್ಳುವ ಸಮಾಜ ವಿಜ್ಞಾನದ ಪಾಠ. ಆ ಪಾಠಕ್ಕೂ ಮುಂಚೆ ಇನ್ನೊಂದು ಪಠ್ಯ ಇರುತ್ತದೆ. ಯಾವ ಪ್ರಶ್ನೆ ಕೇಳಬೇಕು, ಮಕ್ಕಳು ಏನು ಉತ್ತರ ಹೇಳುತ್ತಾರೆ, ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ಮೇಷ್ಟ್ರು ಹಿಂದಿನ ದಿನವೇ ಬರೆದಿಡುವ ಪಾಠಯೋಜನೆ. ಇದನ್ನು ಯಾರೂ ಓದುವುದಿಲ್ಲ. ಹೆಡ್‌ಮಾಸ್ಟರು ಸಹಿ ಹಾಕುತ್ತಾರೆ, ಇನ್‌ಸ್ಪೆಕ್ಷನ್ನಿಗೆ ಬಂದವರು ಪುಟ ತಿರುವುತ್ತಾರೆ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ನಾನು ಇದನ್ನೂ ಒಂದು ಗದ್ಯಪ್ರಕಾರ ಅಂತ ಇಟ್ಟುಕೊಂಡು ಓದಲು ಹೊರಟಿದ್ದೇನೆ. ಒಂದು ಕಾದಂಬರಿ ನಮ್ಮನ್ನು ಹೊರಗಿಟ್ಟರೆ ಅದನ್ನು ಮುಚ್ಚಿ ಆಚೆಗಿಡಬಹುದು. ನಲವತ್ತು ನಿಮಿಷದ ಪೀರಿಯಡ್ಡು ಹೊರಗಿಟ್ಟರೆ ಹುಡುಗ ಎದ್ದು ಹೋಗುವ ಹಾಗಿಲ್ಲ. ಎದ್ದು ಹೋದವನಿಗೆ ನಾವು 'ಡ್ರಾಪ್‌ಔಟ್' ಅಂತ ಹೆಸರಿಟ್ಟುಬಿಡುತ್ತೇವೆ.

ಬಿ.ಎಡ್. ಮಾಡಿದವರಿಗೆಲ್ಲ ಹರ್ಬಾರ್ಟನ ಪಂಚಸೋಪಾನ ಗೊತ್ತು. ಜರ್ಮನಿಯ ಆ ತತ್ವಜ್ಞಾನಿಯ ಶಿಷ್ಯರು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಐದು ಮೆಟ್ಟಿಲು ನಮ್ಮ ಟ್ರೈನಿಂಗ್ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಬಾಳಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ಬಾಯಿಪಾಠ ಸಾಕು, ಮಗುವೇ ತನ್ನ ಅರಿವನ್ನು ಕಟ್ಟಿಕೊಳ್ಳಬೇಕು ಅನ್ನೋ ರಚನಾವಾದ ಬಂತು. ಮೆಟ್ಟಿಲುಗಳ ಹೆಸರು ಬದಲಾಗಿ ತೊಡಗಿಸುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಅಂತ ಆಯಿತು. ಲೆಕ್ಕ ನೋಡಿ, ಆಗಲೂ ಐದೇ, ಈಗಲೂ ಐದೇ. ಗೇಲಿಗೆ ಈ ಮಾತು ಹೇಳುತ್ತಿಲ್ಲ. ಇಸವಿಗಳನ್ನು ಗಿಣಿಯ ಹಾಗೆ ಒಪ್ಪಿಸುವ ಮಕ್ಕಳನ್ನು ನೋಡಿದವರಿಗೆ ಈ ಬದಲಾವಣೆಯ ಬೆಲೆ ಗೊತ್ತು. ಆದರೆ ಹಳೆಯದಕ್ಕೂ ಹೊಸದಕ್ಕೂ ಬೀಜಮಂತ್ರ ಒಂದೇ: ಆಸಕ್ತಿ. ಪಾಠ ಆಸಕ್ತಿದಾಯಕವಾಗಿರಬೇಕು. ಸರಿ, ಯಾರಿಗೆ? ಯಾವುದರಲ್ಲಿ ಆಸಕ್ತಿ? ಈ ಎರಡು ಪ್ರಶ್ನೆಗೆ ಮಾತ್ರ ಪಾಠಯೋಜನೆಯಲ್ಲಿ ಕಲಮು ಇಲ್ಲ.

ಇರುವ ಕಲಮುಗಳಲ್ಲಿ ನನ್ನನ್ನು ಬಹಳ ಕಾಡಿದ್ದು 'ಪೂರ್ವಜ್ಞಾನ' ಅನ್ನೋದು. ಪಾಠಕ್ಕೆ ಮುಂಚೆ ಮಕ್ಕಳಿಗೆ ಏನು ಗೊತ್ತಿದೆ ಅಂತ ಮೇಷ್ಟ್ರು ಅಲ್ಲಿ ಬರೆಯಬೇಕು. ವಿಜಯನಗರದ ಪಾಠವಾದರೆ ಹಂಪಿಯ ಹೆಸರು ಕೇಳಿದ್ದಾರೆ ಅಂತ ಬರೆಯುತ್ತೇವೆ. ಗುಪ್ತರ ಪಾಠವಾದರೆ ಮೌರ್ಯರು ಗೊತ್ತು ಅಂತ. ಅಂದರೆ ಪೂರ್ವಜ್ಞಾನ ಎಂದರೆ ಹಿಂದಿನ ಪುಸ್ತಕದ ಜ್ಞಾನ. ಕೇರಿಯಿಂದ ಬಂದ ಹುಡುಗಿಗೆ ಗೊತ್ತಿರುವುದು ಬೇರೆ ಇದೆ. ಊರ ಗಡಿಕಲ್ಲು ಎಲ್ಲಿದೆ, ಕೆರೆಯ ತೂಬು ಎತ್ತುತ್ತಿದ್ದ ನೀರಗಂಟಿ ಯಾರ ಮನೆಯವನು, ಹಬ್ಬದಲ್ಲಿ ತಮಟೆ ಎಲ್ಲಿಂದ ಶುರುವಾಗಿ ಎಲ್ಲಿ ನಿಲ್ಲಬೇಕು, ಯಾವ ಬಾವಿಗೆ ತನ್ನಜ್ಜಿ ಇಳಿಯುವ ಹಾಗಿರಲಿಲ್ಲ, ಇದೆಲ್ಲ ಅವಳಿಗೆ ಗೊತ್ತು. ಹಳೇ ಮೈಸೂರಿನ ಕಡೆ ಗಡಿ ತಕರಾರು ಬಂದರೆ ಹೊಲೆಯರ ಕುಳವಾಡಿಯ ಮಾತೇ ಪ್ರಮಾಣ ಅಂತ ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಊರಿನ ನಕ್ಷೆಯನ್ನು ತಲೆಯೊಳಗೆ ಇಟ್ಟುಕೊಂಡಿದ್ದವರ ಮೊಮ್ಮಕ್ಕಳು ಭೂಪಟ ಬಿಡಿಸುವ ಪೀರಿಯಡ್ಡಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ದಲಿತ ಚಳವಳಿ ತನ್ನ ಸಾಂಸ್ಕೃತಿಕ ನೆನಪನ್ನು ಕಳೆದುಕೊಳ್ಳುವ ಬಗ್ಗೆ ಡಿ.ಆರ್. ನಾಗರಾಜ್ 1993ರ ಹೊತ್ತಿಗೇ ಚಿಂತೆ ಮಾಡಿದ್ದರು. ಆ ನೆನಪು ದಿನಾ ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಹೊರಗೆ ಉಳಿಯುತ್ತಿದೆ ಅನ್ನೋದು ನನ್ನ ಕಾಣ್ಕೆ.

ಇದಕ್ಕೆ ಉತ್ತರವಾಗಿ ಚಟುವಟಿಕೆಗಳು ಬಂದಿವೆಯಲ್ಲ, ಅವುಗಳನ್ನು ನೋಡೋಣ. ಚರಿತ್ರೆಯನ್ನು ಮನೆಯಿಂದ ಶುರು ಮಾಡಿ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಮನೆಯ ಹಳೆಯ ವಸ್ತು ತನ್ನಿ, ವಂಶವೃಕ್ಷ ಬರೆಯಿರಿ. ಕೇಳಲು ಎಷ್ಟು ಚೆನ್ನಾಗಿದೆ! ಒಬ್ಬನು ಹಿತ್ತಾಳೆಯ ಕೊಳಗ ತರುತ್ತಾನೆ, ಇನ್ನೊಬ್ಬಳು ಮುತ್ತಜ್ಜಿಯ ಕುಂಕುಮದ ಭರಣಿ ತರುತ್ತಾಳೆ, ಪಟೇಲರ ಮನೆಯ ಹುಡುಗ ತುಕ್ಕು ಹಿಡಿದ ಕತ್ತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಅವನ ವಂಶವೃಕ್ಷ ಏಳು ತಲೆಗೆ ಹೋಗುತ್ತದೆ. ನಮ್ಮ ಹುಡುಗ ಬರಿಗೈಲಿ ಬಂದು 'ಮರ್ತೋಯ್ತು ಸಾ' ಅನ್ನುತ್ತಾನೆ. ಅವನ ವಂಶವೃಕ್ಷ ಅಜ್ಜನ ಹತ್ತಿರ ನಿಂತು, ಅಜ್ಜನ ಅಪ್ಪನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದುಕೊಂಡಿರುತ್ತದೆ. ಮೇಷ್ಟ್ರು ಒಳ್ಳೆಯವರಾದರೆ 'ಪರವಾಗಿಲ್ಲ ಕೂತ್ಕೊ' ಅನ್ನುತ್ತಾರೆ. ಎಲ್ಲ ಮಕ್ಕಳೂ ಪಾಲುಗೊಂಡರು ಅಂತ ದಾಖಲೆ ಆಗುತ್ತದೆ. ಹೀಗೆ, ಯಾರಿಗೆ ಚರಿತ್ರೆ ಇದೆ, ಯಾರಿಗೆ ಇಲ್ಲ ಅನ್ನೋದನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ತೋರಿಸಿದ ಹಾಗಾಯಿತು.

ಆದರೆ ಆ ಹುಡುಗನ ಮನೆಯ ಟ್ರಂಕಿನಲ್ಲಿ ಏನೂ ಇಲ್ಲವೆ? ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟ ಸಾಗುವಳಿ ಚೀಟಿ ಇದೆ. ತೋಟಿ ಇನಾಮಿನ ಜಮೀನಿನ ಕಾಗದ ಇರಬಹುದು. ಊರಿನ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ ಕಾಯ್ದೆ 1961ರದು. ಆಮೇಲೆ ಆ ಜಮೀನುಗಳು ಎಲ್ಲಿ ಹೋದವು, ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲಿ ಇನ್ನೊಂದು ಕಾಯ್ದೆ ಯಾಕೆ ಬೇಕಾಯಿತು, ಅದನ್ನು 2023ರಲ್ಲಿ ಮತ್ತೆ ಯಾಕೆ ತಿದ್ದಬೇಕಾಯಿತು, ಒಂದು ಚೀಟಿಯಿಂದ ಇಷ್ಟೂ ಹೊರಡುತ್ತದೆ. ಹಿತ್ತಾಳೆಯ ಕೊಳಗದಿಂದ ಏನು ಹೊರಡುತ್ತದೆ ಹೇಳಿ! 'ಹಳೆಯ ವಸ್ತು ತನ್ನಿ' ಅನ್ನುವ ಬದಲು 'ಮನೆಯಲ್ಲಿ ಜೋಪಾನ ಮಾಡಿಟ್ಟ ಒಂದು ಕಾಗದದ ಬಗ್ಗೆ ಕೇಳಿಕೊಂಡು ಬನ್ನಿ' ಅಂತ ಪಾಠಯೋಜನೆಯ ಒಂದು ವಾಕ್ಯ ಬದಲಾದರೆ ಸಾಕು, ಯಾರು ಬರಿಗೈಲಿ ಬರುತ್ತಾರೆ ಅನ್ನೋದು ತಲೆಕೆಳಗಾಗುತ್ತದೆ. ಕಾಗದವನ್ನೇ ತರಿಸಬೇಡಿ. ಕಳೆದುಹೋದರೆ ಒಂದು ಸಂಸಾರವೇ ಬೀದಿಗೆ ಬರುತ್ತದೆ.

ನಾಟಕದ ವಿಷಯಕ್ಕೆ ಬಂದರೆ ಇನ್ನೊಂದು ಬಗೆಯ ಪೇಚು. ಪಾತ್ರಾಭಿನಯ ಅನ್ನೋದು ಚರಿತ್ರೆಯ ಪಾಠಕ್ಕೆ ಜೀವ ತುಂಬುತ್ತದೆ ಅಂತ ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಕಲ್ಯಾಣದ ಪ್ರಸಂಗ ಆಡಿಸುವಾಗ ಬಸವಣ್ಣ ಯಾರಾಗುತ್ತಾನೆ, ಹರಳಯ್ಯ ಯಾರಾಗುತ್ತಾನೆ ಅಂತ ಗಮನಿಸಿದ್ದೀರಾ? ಒಂದು ಶಾಲೆಯಲ್ಲಿ ಹರಳಯ್ಯನ ಪಾತ್ರಕ್ಕೆ ಮಾದಿಗರ ಹುಡುಗನನ್ನು ನಿಲ್ಲಿಸಿ, 'ಇವನಿಗೆ ನ್ಯಾಚುರಲ್ಲಾಗಿ ಬರುತ್ತೆ' ಅಂದ ಮಾತನ್ನು ನಾನೇ ಕೇಳಿದ್ದೇನೆ. ಕ್ರಾಂತಿಯ ಪಾಠ ಜಾತಿಯ ಪ್ರಕಾರ ಪಾತ್ರ ಹಂಚಿಕೊಂಡು ನಡೆಯಿತು. ಆಡಿದ ಮೇಷ್ಟ್ರು ಕೆಟ್ಟವರಲ್ಲ, ಒಳ್ಳೆಯ ಬಸವಾಭಿಮಾನಿಗಳು. ಇಂಥ ಒಳ್ಳೆಯತನದಲ್ಲಿ ಜಾತಿ ಹೇಗೆ ಮನೆ ಮಾಡಿಕೊಳ್ಳುತ್ತದೆ ಅಂತ ಬಿಡಿಸಿ ನೋಡುವುದು ವಿಮರ್ಶೆಯ ಕೆಲಸ ತಾನೆ?

ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ. ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ಹಿಂದಿನ ಇತಿಹಾಸ ಪುಸ್ತಕದಲ್ಲಿ, ಜಾತಿ ಮತ್ತು ಸುಧಾರಣೆಯ ಅಧ್ಯಾಯದೊಳಗೆ, ಒಂದು ಚಟುವಟಿಕೆ ಇತ್ತು. ಬೊಂಬಾಯಿ ಪ್ರಾಂತದಲ್ಲಿ 1829ರ ಹೊತ್ತಿಗೂ ಅಸ್ಪೃಶ್ಯ ಮಕ್ಕಳಿಗೆ ಸರ್ಕಾರಿ ಶಾಲೆಯ ಒಳಗೆ ಜಾಗ ಇರಲಿಲ್ಲ, ಬಹಳ ಒತ್ತಾಯ ಮಾಡಿದಾಗ ಜಗುಲಿಯಲ್ಲಿ ಕೂತು ಕೇಳಲು ಬಿಟ್ಟರು ಅಂತ ಹೇಳಿ, ನೀನು ಆ ಜಗುಲಿಯಲ್ಲಿ ಕೂತ ಮಗು ಅಂತ ಊಹಿಸಿಕೊ, ನಿನ್ನ ಮನಸ್ಸಿನಲ್ಲಿ ಯಾವ ಪ್ರಶ್ನೆ ಏಳುತ್ತವೆ ಅಂತ ಕೇಳಿತ್ತು. ಆ ಪುಸ್ತಕ ಬರೆದವರ ಬಗ್ಗೆ ನನಗೆ ಗೌರವ ಇದೆ. ನಮ್ಮ ರಾಜ್ಯದ ಪುಸ್ತಕಗಳು ಅಸ್ಪೃಶ್ಯತೆಯನ್ನು 'ಒಂದು ಸಾಮಾಜಿಕ ಪಿಡುಗು' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಿದ್ದ ಕಾಲದಲ್ಲಿ ಅದು ಜಗುಲಿಯನ್ನು ಕ್ಲಾಸಿನೊಳಕ್ಕೆ ತಂದಿತು. ಆದರೆ ಕ್ಲಾಸಿನಲ್ಲಿ ನಿಂತು ಆ ಪ್ರಶ್ನೆಯನ್ನು ಕೇಳಿ ನೋಡಿ. ಅದು 'ನೀನು' ಅಂತ ಕರೆಯುತ್ತಿರುವುದು ಜಗುಲಿಯನ್ನು ಊಹಿಸಿಕೊಳ್ಳಬೇಕಾದ ಮಗುವನ್ನು, ಅಂದರೆ ಒಳಗೆ ಕೂತಿದ್ದವರ ಮೊಮ್ಮಗುವನ್ನು. ಊಹಿಸಿಕೊಳ್ಳುವ ಅಗತ್ಯ ಇಲ್ಲದ ಮಗು ಆ ಪ್ರಶ್ನೆಯಲ್ಲಿ ಇಲ್ಲ. ಅದು ಕ್ಲಾಸಿನಲ್ಲಿ ಇದೆ, ಉಳಿದವರು ಊಹಿಸಿಕೊಳ್ಳಲು ಅದರ ಕಡೆ ತಿರುಗಿ ನೋಡುತ್ತಾರೆ. ನಲವತ್ತು ತಲೆ ಒಮ್ಮೆಗೇ ತಿರುಗುವ ಆ ಗಳಿಗೆಯನ್ನು ಯಾವ ಪಾಠಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲ್ಜಾತಿಯ ಮಗುವಿನೊಳಗೆ ಕರುಣೆ ಹುಟ್ಟಿಸಲು ದಲಿತ ಮಗುವನ್ನು ಬೋಧನೋಪಕರಣ ಮಾಡಿಕೊಂಡ ಹಾಗೆ ಇದು. ಕನ್ನಡದ ಎಷ್ಟೋ ಹಳೆಯ ಕಾದಂಬರಿಗಳ ಬಗ್ಗೆ ನಾವು ಎತ್ತಿದ ಆಕ್ಷೇಪವೂ ಇದೇ ಅಲ್ಲವೆ?

ಇನ್ನು ನಮ್ಮವರು ಸೂಚಿಸುವ ಪರಿಹಾರ. ರಾಜರ ಜಾಗದಲ್ಲಿ ನಮ್ಮ ವೀರರನ್ನು ಕೂರಿಸಿ ಅನ್ನುತ್ತಾರೆ. 1818ರ ಜನವರಿ 1ರ ಕೋರೆಗಾಂವ್ ಯುದ್ಧವನ್ನು ಪಾಠ ಮಾಡುವ ಯುವಕರನ್ನು ನಾನು ನೋಡಿದ್ದೇನೆ. ಐನೂರು ಜನ, ಇಪ್ಪತ್ತೆಂಟು ಸಾವಿರ ಜನ, ಕುದುರೆ, ಫಿರಂಗಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಆಸಕ್ತಿ ಅಂದರೆ ಆಸಕ್ತಿ. ಆದರೆ ಇದು ಪುಲಕೇಶಿ ಹರ್ಷನನ್ನು ತಡೆದ ಕತೆಯನ್ನು ಹೇಳುವ ರೀತಿಯೇ, ಹೆಸರು ಮಾತ್ರ ಬೇರೆ. ಆ ಕಂಬದ ಮೇಲೆ ಕಂಪನಿಯ ಕಡೆ ಸತ್ತ 49 ಜನರ ಹೆಸರು ಕೆತ್ತಿದೆ. ಅದರಲ್ಲಿ 22 ಹೆಸರು 'ನಾಕ' ಅಂತ ಮುಗಿಯುತ್ತವೆ. ಆ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು ಏನು ಕಾಣುತ್ತದೆ ಹುಡುಕಿ ಅಂದರೆ, 'ನಾಕ' ಅಂದರೆ ಏನು, ಹೆಸರಿನ ಬಾಲದಲ್ಲಿ ಜಾತಿ ಹೇಗೆ ಕೂರುತ್ತದೆ, ಉಳಿದ ಹೆಸರುಗಳು ಯಾರವು, ಇವರನ್ನು ಸೇರಿಸಿಕೊಂಡ ಅದೇ ಸೈನ್ಯ 1890ರ ದಶಕದಲ್ಲಿ ಮಹಾರರ ನೇಮಕವನ್ನೇ ಯಾಕೆ ನಿಲ್ಲಿಸಿತು ಅಂತ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಮೊದಲ ರೀತಿಯಲ್ಲಿ ಮಗು ಚಪ್ಪಾಳೆ ತಟ್ಟುತ್ತದೆ. ಎರಡನೆಯದರಲ್ಲಿ ಮಗುವಿಗೆ ಕೆಲಸ ಇದೆ.

2022ರಲ್ಲಿ ನಮ್ಮ ರಾಜ್ಯದಲ್ಲಿ ಪಠ್ಯಪುಸ್ತಕದ ದೊಡ್ಡ ಗಲಾಟೆ ಆಯಿತು. ದೇವನೂರ ಮಹಾದೇವ ತಮ್ಮ ಬರಹ ಪಠ್ಯದಲ್ಲಿ ಬೇಡ ಅಂತ ಅನುಮತಿ ವಾಪಸು ತೆಗೆದುಕೊಂಡರು. ಅಂಬೇಡ್ಕರರ ಹೆಸರಿನ ಜೊತೆಗಿದ್ದ ಸಂವಿಧಾನ ಶಿಲ್ಪಿ ಅನ್ನೋ ಮಾತು ಬಿಟ್ಟುಹೋದದ್ದಕ್ಕೆ ಬೀದಿಗೆ ಇಳಿದೆವು. ಇಳಿಯಬೇಕಾಗಿತ್ತು, ಇಳಿದೆವು. ಆದರೆ ಪುಸ್ತಕದಲ್ಲಿ ಯಾರ ಹೆಸರು ಇರಬೇಕು ಅನ್ನೋ ಜಗಳಕ್ಕೆ ನಮ್ಮಲ್ಲಿ ಇದ್ದ ಕಸುವು, ಆ ಹೆಸರು ಬಂದ ದಿನ ಕ್ಲಾಸಿನಲ್ಲಿ ಏನಾಗುತ್ತದೆ ಅನ್ನೋದಕ್ಕೆ ಇರಲಿಲ್ಲ. ಸಂವಿಧಾನ ಶಿಲ್ಪಿ ಅಂತ ಅಚ್ಚಾದರೂ ಮೇಷ್ಟ್ರು ಅದನ್ನು ಒಂದು ಅಂಕದ ಪ್ರಶ್ನೆ ಮಾಡಿ ಮುಂದಿನ ಪಾಠಕ್ಕೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು ಅಂತ ಕೇಳುವವರಿಗೆ, ಒಂದೇ ಒಂದು ಪ್ರಸಂಗ ಇಟ್ಟುಕೊಂಡು ಹೇಳುತ್ತೇನೆ. ಇದು ನಾನು ಹುಡುಕಿ ತೆಗೆದದ್ದಲ್ಲ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರೇ ಮುಂದಿಟ್ಟ ದಾಖಲೆ. 1856ರ ಜೂನ್ ತಿಂಗಳಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ, ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಅಂತ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಜುಲೈ 21ರಂದು ಸರ್ಕಾರ ಆದೇಶ ಮಾಡಿತು. ಅದರ ತಾತ್ಪರ್ಯ ಇಷ್ಟು: ತಾತ್ವಿಕವಾಗಿ ನ್ಯಾಯ ಅರ್ಜಿದಾರನ ಕಡೆಗಿದೆ, ಸಂದೇಹವಿಲ್ಲ. ಆದರೆ ಒಬ್ಬಿಬ್ಬರಿಗೋಸ್ಕರ ತಲೆತಲಾಂತರದ ಪೂರ್ವಗ್ರಹಗಳ ಮೇಲೆ ಏಕಾಏಕಿ ಕೈ ಹಾಕಿದರೆ ವಿದ್ಯಾಭ್ಯಾಸದ ಕೆಲಸಕ್ಕೇ ದೊಡ್ಡ ಹಾನಿ. ಈ ಕಷ್ಟವನ್ನು ಈ ಸರ್ಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ಅವನ ಪರವಾಗಿ ತಕ್ಷಣ ಪರಿಹರಿಸಲು ಆಗುವುದಿಲ್ಲ. ಆ ಆದೇಶದಲ್ಲಿ ಹುಡುಗನಿಗೆ ಹೆಸರಿಲ್ಲ. ಜಾತಿ ಇದೆ, 'ಅರ್ಜಿದಾರ' ಅನ್ನೋ ಪದ ಇದೆ. ಅದೇ 1856ರ ಅದೇ ಜುಲೈ ತಿಂಗಳಲ್ಲಿ ವಿಧವಾ ಪುನರ್ವಿವಾಹದ ಕಾಯ್ದೆ ಆಯಿತು. ಅದು ಎಲ್ಲ ಮಕ್ಕಳಿಗೂ ಬಾಯಿಪಾಠ.

ನಾನು ಈ ಆದೇಶದ ಸಾರವನ್ನು ಒಂಬತ್ತನೇ ಕ್ಲಾಸಿನಲ್ಲಿ ಓದಿ ಹೇಳಿದಾಗ ಆ ಹುಡುಗನ ಸಂಕಟ ಊಹಿಸಿಕೊಳ್ಳಿ ಅಂತ ಯಾರನ್ನೂ ಕೇಳಲಿಲ್ಲ. ಸರ್ಕಾರ ಕೊಟ್ಟ ಕಾರಣ ಸರಿಯೋ ತಪ್ಪೋ ನೀವೇ ತೀರ್ಪು ಕೊಡಿ ಅಂದೆ. ಮೊದಲ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು: 'ಸ್ಕೂಲ್ಗೇ ಸೇರುಸ್ಕಂಡಿಲ್ಲ ಅಂದ್ಮೇಲೆ ಅವ್ನು ಅರ್ಜಿ ಹೆಂಗ್ ಬರ್ದ ಸಾ?' ಯಾವ ಟ್ರೈನಿಂಗಿನಲ್ಲೂ ಹೇಳಿಕೊಡದ ಚರಿತ್ರಕಾರನ ಪ್ರಶ್ನೆ ಇದು. ಈ ಪ್ರಶ್ನೆಯ ಹಿಂದೆ ಹೊರಟರೆ 1837ರಿಂದ ಧಾರವಾಡದಲ್ಲಿದ್ದ ಬಾಸೆಲ್ ಮಿಶನ್, ಬೊಂಬಾಯಿ ಸೈನ್ಯದ ಮಹಾರ್ ಸಿಪಾಯಿಗಳು, ಕಚೇರಿಯ ಮುಂದೆ ಕೂತು ಕಾಸಿಗೆ ಅರ್ಜಿ ಬರೆದುಕೊಡುವವರು, 1854ರ ವುಡ್ಸ್ ಡಿಸ್ಪ್ಯಾಚ್, ಎಲ್ಲ ಬರುತ್ತದೆ. ವುಡ್ಸ್ ಡಿಸ್ಪ್ಯಾಚ್ ಹತ್ತನೇ ಕ್ಲಾಸಿನ ಪರೀಕ್ಷೆಗೂ ಬೇಕು, ಅದನ್ನು ಹೀಗೆ ಒಬ್ಬ ಹುಡುಗನ ಕೈಹಿಡಿದು ತಲುಪಿದವರು ಮರೆಯುವುದಿಲ್ಲ. ಎರಡನೇ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು, ಊರೊಳಗಿನವಳು: 'ಕಂಪನಿಯೋರೇ ಆಳ್ತಿದ್ರಲ್ಲಾ ಸಾ, ಅವ್ರ್ಯಾಕೆ ಹೆದರ್ಕಂಡ್ರು?' ವಸಾಹತುಶಾಹಿ ಮತ್ತು ಜಾತಿಯ ಒಳಒಪ್ಪಂದದ ಬಗ್ಗೆ ನಾವು ವಿಚಾರ ಸಂಕಿರಣಗಳಲ್ಲಿ ಎಷ್ಟು ಕಾಗದ ಖರ್ಚು ಮಾಡಿದ್ದೇವೆ! ಅವಳು ಒಂದು ವಾಕ್ಯದಲ್ಲಿ ಕೇಳಿಬಿಟ್ಟಳು.

ಸರ್ಕಾರದ ಪರ ಮಾತಾಡಿದವರೂ ಇದ್ದರು. ಒಬ್ಬನಿಗೋಸ್ಕರ ಸ್ಕೂಲೇ ಮುಚ್ಚಿಹೋದರೆ ಏನು ಗತಿ ಅಂತ. ಅವರ ಬಾಯಿ ಮುಚ್ಚಿಸುವುದು ನನ್ನ ಕೆಲಸವಾಗಿರಲಿಲ್ಲ. ಮುಚ್ಚಿಸಿದ್ದರೆ ಮುಂದಿನ ದಾಖಲೆಯ ರುಚಿ ಸಿಗುತ್ತಿರಲಿಲ್ಲ. ಎರಡನೇ ಪೀರಿಯಡ್ಡಿನಲ್ಲಿ ಅದನ್ನು ತೆಗೆದೆ. 1857ರ ಜನವರಿಯಲ್ಲಿ ಕಲ್ಕತ್ತೆಯ ಸರ್ಕಾರ ಬರೆದ ಪತ್ರ ಬೊಂಬಾಯಿ ಮಾಡಿದ್ದು ಬಹುಶಃ ಜಾಣತನವೇ ಅಂತ ಹೇಳಿ, ಬಂಗಾಳ ಪ್ರಾಂತದಲ್ಲಿ ಆಗಿದ್ದರೆ ಈ ಹುಡುಗನನ್ನು ಯಾವ ಸರ್ಕಾರಿ ಶಾಲೆಯೂ ಹೊರಗಿಡುತ್ತಿರಲಿಲ್ಲ ಅಂತಲೂ ಹೇಳುತ್ತದೆ. ಎರಡು ನಾಲಗೆ. 1858ರಲ್ಲಿ ಲಂಡನ್ನಿನ ನಿರ್ದೇಶಕರ ಮಂಡಳಿ ಮಾತ್ರ ಖಡಾಖಂಡಿತ: ಸರ್ಕಾರದ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು. ಇದರಿಂದ ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋಗಬಹುದು. ಒಪ್ಪದವರು ತಮ್ಮ ಹಣದಲ್ಲಿ ತಮ್ಮವರಿಗಷ್ಟೇ ಬೇರೆ ಶಾಲೆ ಕಟ್ಟಿಕೊಳ್ಳಲಿ. ಈ ಕೊನೆಯ ಮಾತಿಗೆ ಕ್ಲಾಸು ಒಂದು ನಿಮಿಷ ಸುಮ್ಮನಾಯಿತು. ಆಮೇಲೆ ಒಬ್ಬ ಮೆಲ್ಲಗೆ ಅಂದ: 'ಈಗ ಕಟ್ಕಂಡವ್ರಲ್ಲ ಸಾ, ಕಾನ್ವೆಂಟು.' ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಉಳಿದವರು ಯಾರು, ಹಳದಿ ವ್ಯಾನು ಹತ್ತಿ ಹೋದವರು ಯಾರು ಅಂತ ಆ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಅದೇ ಅವರ ಪೂರ್ವಜ್ಞಾನ. ಮೊದಲ ಸಲ ಅದು ಪಾಠಕ್ಕೆ ಉಪಯೋಗಕ್ಕೆ ಬಂತು.

ಲಂಡನ್ನಿನ ಆದೇಶ ಬಂದ ತಕ್ಷಣ ಶಾಲೆಯ ಬಾಗಿಲು ತೆರೆಯಿತು ಅಂತ ಕತೆ ಮುಗಿಸಿದರೆ ಅದು ಮತ್ತೆ ಸುಳ್ಳು ಪಾಠ. 1882ರ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೆ ಹೇಳಬೇಕಾಯಿತು. 1923ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ಸಾರ್ವಜನಿಕ ಕೆರೆ, ಬಾವಿ, ಶಾಲೆಗಳ ಪ್ರವೇಶಕ್ಕೆ ಠರಾವು ತರಬೇಕಾಯಿತು. ಆ ಠರಾವು ಜಾರಿ ಆಗದೆ ಇದ್ದದ್ದಕ್ಕೇ 1927ರ ಮಾರ್ಚಿ 20ರಂದು ಮಹಾಡದ ಕೆರೆಗೆ ಜನ ಇಳಿದರು. 1928ರಲ್ಲಿ ಅಂಬೇಡ್ಕರರು ಕಟ್ಟಿದ ಶಿಕ್ಷಣ ಸಂಘದ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲಿ ನಡೆಯಿತು, ಹೈಸ್ಕೂಲು ಓದುವ ದಲಿತ ಹುಡುಗರಿಗಾಗಿ. ಅದೇ ಊರು, ಎಪ್ಪತ್ತು ಚಿಲ್ಲರೆ ವರ್ಷ ಆದ ಮೇಲೆ. ಮಹಾಡದ ಪಾಠ ಪುಸ್ತಕದಲ್ಲಿ ಆಕಾಶದಿಂದ ಉದುರಿದ ಹಾಗೆ ಇರುತ್ತದೆ. ಒಬ್ಬ ಮಹಾನುಭಾವ ಎದ್ದ, ನೀರು ಮುಟ್ಟಿದ. ಅರ್ಜಿಯಿಂದ ಹೊರಟರೆ ಅದು ಒಂದು ದೀರ್ಘ ವ್ಯಾಜ್ಯದ ನಡುವಿನ ಹೆಜ್ಜೆ ಅಂತ ಕಾಣುತ್ತದೆ. ದಲಿತರು ಕಷ್ಟಪಟ್ಟವರು ಮಾತ್ರ ಅಲ್ಲ, ಕೇಳಿದವರು, ಮತ್ತೆ ಮತ್ತೆ ಕೇಳಿದವರು ಅಂತ ಕಾಣುತ್ತದೆ.

ಇಲ್ಲಿ ಸಾಹಿತ್ಯದವರಿಗೆ ಒಂದು ಮಾತು. 1855ರಲ್ಲಿ ಫುಲೆ ದಂಪತಿಗಳ ಶಾಲೆಯ ವಿದ್ಯಾರ್ಥಿನಿ, ಮಾಂಗ್ ಜಾತಿಯ ಮುಕ್ತಾ ಸಾಳ್ವೆ, ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ನಿಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅವಳದು ನಮ್ಮ ಹೈಸ್ಕೂಲಿನ ಹುಡುಗಿಯರ ವಯಸ್ಸು. ಮರುವರ್ಷ ಧಾರವಾಡದ ಅರ್ಜಿ. 1894ರಲ್ಲಿ ಸೈನ್ಯದ ನೇಮಕ ನಿಲ್ಲಿಸಿದ್ದರ ವಿರುದ್ಧ ಗೋಪಾಲ ಬಾಬಾ ವಲಂಗ್ಕರ್ ಬರೆದ ಮನವಿ, 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರದು. ದಲಿತ ಗದ್ಯದ ಚರಿತ್ರೆಯನ್ನು ನಾವು ಆತ್ಮಕಥನದಿಂದ ಶುರು ಮಾಡುತ್ತೇವೆ. ಅದಕ್ಕೂ ಬಹಳ ಹಿಂದೆ ಅದು ಅರ್ಜಿಯಾಗಿ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ. ಆತ್ಮಕಥನ ಓದುಗನ ಎದೆಗೆ ಮಾತಾಡುತ್ತದೆ, ಅರ್ಜಿ ಅಧಿಕಾರಕ್ಕೆ ಮಾತಾಡುತ್ತದೆ, ಕಾರಣ ಕೊಡುತ್ತದೆ, ಉತ್ತರ ಕೇಳುತ್ತದೆ. ದಲಿತ ಸಂಘರ್ಷ ಸಮಿತಿ ತಾಲ್ಲೂಕು ಕಚೇರಿಯ ಮುಂದೆ ಕೂತು ತಹಸೀಲ್ದಾರರಿಗೆ ಕೊಡುತ್ತಾ ಬಂದ ಮನವಿಪತ್ರಗಳನ್ನು ಯಾರಾದರೂ ಕೂಡಿಟ್ಟಿದ್ದಾರೆಯೆ? ಅವು ಚರಿತ್ರೆಯ ಆಕರ ಮಾತ್ರವಲ್ಲ, ಗದ್ಯ. ಕನ್ನಡ ಮೇಷ್ಟ್ರು ಪತ್ರಲೇಖನಕ್ಕೆ ಇನ್ನೂ ರಜಾ ಅರ್ಜಿಯನ್ನೇ ಬರೆಸುತ್ತಿದ್ದಾರೆ. ಚರಿತ್ರೆಯ ಮೇಷ್ಟ್ರೂ ಕನ್ನಡದ ಮೇಷ್ಟ್ರೂ ಟೀ ಕುಡಿಯುವಾಗ ಮಾತಾಡಿಕೊಂಡರೆ, 1856ರ ಆದೇಶಕ್ಕೆ ಒಂದು ಮರುತ್ತರ ಬರೆಸಬಹುದು. ಜಗುಲಿಯಲ್ಲಿ ಕೂತು ಅಳುವ ಪಾತ್ರ ಅದರಲ್ಲಿ ಯಾರಿಗೂ ಇಲ್ಲ. ಮೇಲ್ಜಾತಿಯ ಮಗುವಿಗೂ ಅದೇ ಕೆಲಸ, ನಮ್ಮ ಮಗುವಿಗೂ ಅದೇ ಕೆಲಸ.

ಮೂರನೇ ಪೀರಿಯಡ್ಡು ನಿಮ್ಮ ಊರಿನದು. ಹಳೆಯ ಪ್ರೈಮರಿ ಶಾಲೆಯ ದಾಖಲಾತಿ ವಹಿ ಬೀರುವಿನಲ್ಲಿ ಇರುತ್ತದೆ, ಕೆಲವು ಕಡೆ ಗೆದ್ದಲು ಹಿಡಿದಿರುತ್ತದೆ. ಹೆಸರಿನ ಸಾಲಿನ ಮೇಲೆ ಒಂದು ರಟ್ಟು ಮುಚ್ಚಿ. ಇದು ಮುಖ್ಯ, ಯಾರ ಅಜ್ಜನನ್ನೂ ಕ್ಲಾಸಿನಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ದಿನಾಂಕ, ಜಾತಿ, ಶಾಲೆ ಬಿಟ್ಟ ಕಾರಣ, ಈ ಮೂರು ಕಲಮು ಸಾಕು. ಹಳೇ ಮೈಸೂರಿನ ಕಡೆಯ ವಹಿಯಾದರೆ 'ಪಂಚಮ' ಅಂತ ಇದ್ದದ್ದು 1920ರ ದಶಕದಲ್ಲಿ 'ಆದಿಕರ್ನಾಟಕ', 'ಆದಿದ್ರಾವಿಡ' ಆಗುವುದನ್ನು ಮಕ್ಕಳು ತಾವೇ ಕಂಡುಹಿಡಿಯಬಹುದು. ಕೇರಿಯ ಮೊದಲ ಮಗು ಯಾವ ವರ್ಷ ಸೇರಿತು, ಮೊದಲ ಹೆಣ್ಣುಮಗು ಯಾವ ವರ್ಷ, ಎಷ್ಟನೇ ತರಗತಿಗೆ ಬಿಟ್ಟಿತು. ಕಾರಣದ ಕಲಮಿನಲ್ಲಿ 'ದೀರ್ಘ ಗೈರುಹಾಜರಿ' ಅಂತ ಬರೆದಿರುತ್ತದೆ. ಅದು ಕಾರಣ ಹೌದೋ ಅಲ್ಲವೋ ಅಂತ ಅರ್ಧ ಗಂಟೆ ಚರ್ಚೆ ಮಾಡಿಸಬಹುದು. ಕುದ್ಮುಲ್ ರಂಗರಾಯರಂಥವರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದನ್ನು ನಾನು ಗೌರವದಿಂದಲೇ ಪಾಠ ಮಾಡುತ್ತೇನೆ. ಆದರೆ ತೆರೆದವರ ಹೆಸರಿನ ಜೊತೆ, ಬೈಸಿಕೊಂಡೂ ಬಂದು ಕೂತ ಮಕ್ಕಳು ಕೂಡ ಚರಿತ್ರೆ ಮಾಡಿದವರು ಅಂತ ಈ ವಹಿ ಹೇಳುತ್ತದೆ.

ಇದಕ್ಕೆಲ್ಲ ಟೈಮೆಲ್ಲಿದೆ, ಸಿಲಬಸ್ ಮುಗಿಯಬೇಡವೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ಎರಡು ಸಲ, ಮೂರು ಮೂರು ಪೀರಿಯಡ್ಡು, ಅಷ್ಟೇ ನಾನು ಮಾಡುತ್ತಿರುವುದು. ಉಳಿದ ದಿನ ಎಲ್ಲರ ಹಾಗೆ ನೋಟ್ಸು ಬರೆಸುತ್ತೇನೆ. ಕ್ಲಾಸಿನಲ್ಲಿ ಜಾತಿ ಎತ್ತಿದರೆ ಮಕ್ಕಳ ಮನಸ್ಸು ಒಡೆಯುತ್ತದೆ ಅನ್ನುವವರಿಗೆ, ಬಿಸಿಯೂಟದ ಸಾಲನ್ನು ಒಂದು ದಿನ ನಿಂತು ನೋಡಿ ಬನ್ನಿ ಅಂತ ಮಾತ್ರ ಹೇಳುತ್ತೇನೆ. ದಲಿತರಲ್ಲದ ಮೇಷ್ಟ್ರು ಇದನ್ನು ಮಾಡಬಹುದೆ ಅಂತ ನಮ್ಮ ಗೆಳೆಯರೇ ಅನುಮಾನ ಪಡುತ್ತಾರೆ. ಮಾಡಲೇಬೇಕು, ಶಾಲೆಗಳಲ್ಲಿ ಇರುವವರಲ್ಲಿ ಅವರೇ ಹೆಚ್ಚು. ಕರುಣೆಯ ದನಿ ಬರುವ ಪಾಠಕ್ಕೆ ಮಾತ್ರ ಅವರ ಜಾತಿ ಅಡ್ಡ ಬರುತ್ತದೆ. ದಾಖಲೆ ಓದಿ ತೀರ್ಪು ಕೊಡಿ ಅನ್ನೋದಕ್ಕೆ ಬರುವುದಿಲ್ಲ.

ಒಂದು ತೊಡಕು ಮಾತ್ರ ನಿಜವಾದದ್ದು. 1856, 1857, 1858ರ ಈ ಮೂರು ಕಾಗದ ಹೈಸ್ಕೂಲಿನ ಮಗು ಓದಬಹುದಾದ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬೇಕು. ನಾನು ಬೋರ್ಡಿನ ಮೇಲೆ ಸಾರ ಬರೆದು ಕೆಲಸ ನಡೆಸುತ್ತಿದ್ದೇನೆ. ಮೂಲದಲ್ಲಿ ಕಚೇರಿಯ ಭಾಷೆ, ಒಂದು ವಾಕ್ಯ ಆರು ಸಾಲಿಗೆ ಹೋಗುತ್ತದೆ. ಮೂರೂ ಸೇರಿದರೆ ಎರಡು ಪುಟ ದಾಟಲಾರದು. ಈ ಸಂಚಿಕೆಯನ್ನು ಓದುವವರಲ್ಲಿ ಅನುವಾದ ಮಾಡುವ ಗೆಳೆಯರಿದ್ದಾರೆ, ಧಾರವಾಡದಲ್ಲೇ ಇರುವವರೂ ಇದ್ದಾರೆ. ಯಾರಾದರೂ ಕೈ ಹಚ್ಚಿದರೆ ಜೂನ್ ತಿಂಗಳು ಶಾಲೆ ಶುರುವಾಗುವಷ್ಟರಲ್ಲಿ ಹಾಳೆ ತಯಾರಾಗುತ್ತದೆ. ಜೆರಾಕ್ಸಿನ ಖರ್ಚು ನಾವು ಮೇಷ್ಟ್ರುಗಳು ಹಾಕಿಕೊಳ್ಳುತ್ತೇವೆ.